ಇನ್ನೊಂದು ಡೋಸ್ ಬೇಕಾ, ಡಾಕ್ಟ್ರೇ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಕೋವಿಡ್ ಬೂಸ್ಟರ್ ಕುರಿತು ಬೆಂಗಳೂರಿನ ಬೇರೆಬೇರೆ ಬಡಾವಣೆಗಳಿಂದ ಪತ್ರಗಳು ಬಂದಿವೆ. ಒಂದೇ ಥರದವನ್ನು ಕೂಡಿಸಿ, ಉದ್ದವಾಗಿದ್ದವನ್ನು ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇವೆ. ಉತ್ತರಿಸಿದವರು ಸಾಮಾನ್ಯ ವೈದ್ಯಕೀಯ ಮತ್ತು ಸಮುದಾಯ ಆರೋಗ್ಯ ವಿಭಾಗದ ನಮ್ಮ ವೈದ್ಯರ ಬಳಗದವರು.

ನನಗೆ 68, ನಮ್ಮ ಯಜಮಾನರಿಗೆ 72. ಅವರಿಗೆ ಸಕ್ಕರೆ ಕಾಯಿಲೆ ಇದೆ, ಸ್ಟೆಂಟ್ ಕೂಡ ಹಾಕಿದ್ದಾರೆ. 2021ರಲ್ಲಿ ಇಬ್ಬರೂ ಎರಡು ಕೋವಿಶೀಲ್ಡ್, 2022ರಲ್ಲಿ ಮುನ್ನೆಚ್ಚರಿಕೆ ಡೋಸ್ ಹಾಕಿಸಿಕೊಂಡೆವು. ಆಮೇಲೆ ಏನೂ ಇಲ್ಲ. ಆರೋಗ್ಯ ಕೇಂದ್ರದಲ್ಲಿ ಕೇಳಿದರೆ 'ಈಗ ಬರ್ತಾ ಇಲ್ಲಮ್ಮ' ಅಂತಾರೆ. ಹೊರದೇಶದಲ್ಲಿರುವ ಮಗ ವರ್ಷ ವರ್ಷ ಹಾಕಿಸಿಕೊಳ್ಳಿ ಅಂತ ಒಂದೇ ಸಮನೆ ಹೇಳ್ತಾನೆ. ಏನು ಮಾಡೋಣ?
— ಸಾವಿತ್ರಮ್ಮ, ಹನುಮಂತನಗರ

ಸಾವಿತ್ರಮ್ಮನವರೇ, ನಿಮ್ಮ ಮಗ ಹೇಳುವುದರಲ್ಲಿ ತಪ್ಪಿಲ್ಲ, ಆರೋಗ್ಯ ಕೇಂದ್ರದವರು ಹೇಳಿದ್ದೂ ಸುಳ್ಳಲ್ಲ. ತೊಡಕು ಇರುವುದೇ ಇಲ್ಲಿ.

ಮೊದಲು, ಬೇಕೇ ಬೇಡವೇ ಎಂಬುದನ್ನು ನೋಡೋಣ. ಲಸಿಕೆ ಹಾಕಿಸಿಕೊಂಡ ಮೇಲೆ ರಕ್ತದಲ್ಲಿ ಪ್ರತಿಕಾಯಗಳು ಏರುತ್ತವೆ, ಮೂರರಿಂದ ಆರು ತಿಂಗಳಲ್ಲಿ ಇಳಿಯುತ್ತವೆ. ಸೋಂಕು ತಗುಲದಂತೆ ತಡೆಯುವ ಶಕ್ತಿ ಬಹುಪಾಲು ಇವುಗಳದ್ದು. ಆದ್ದರಿಂದಲೇ ಮೂರು ಡೋಸ್ ಆದವರಿಗೂ ನೆಗಡಿ, ಜ್ವರ ಬಂದಿದ್ದು. ಆದರೆ ರೋಗಾಣುವಿನ ಗುರುತು ಇಟ್ಟುಕೊಳ್ಳುವ ನೆನಪಿನ ಕೋಶಗಳು ಅಷ್ಟು ಬೇಗ ಮಾಯವಾಗುವುದಿಲ್ಲ. ಕಾಯಿಲೆ ಶ್ವಾಸಕೋಶಕ್ಕೆ ಇಳಿದು ಆಸ್ಪತ್ರೆ ಸೇರುವಂತಾಗುವುದನ್ನು ತಡೆಯುವುದು ಅವುಗಳ ಕೆಲಸ. ವಯಸ್ಸು 60 ದಾಟಿದವರಲ್ಲಿ, ಸಕ್ಕರೆ, ಹೃದಯ, ಕಿಡ್ನಿ ಕಾಯಿಲೆ ಇರುವವರಲ್ಲಿ ಈ ಎರಡನೆಯ ರಕ್ಷಣೆಯೂ ಮಂದವಾಗುತ್ತಾ ಹೋಗುತ್ತದೆ. ಬೂಸ್ಟರ್ ಬೇಕಾಗುವುದು ಇವರಿಗೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಚ್‌ನಲ್ಲಿ ಕೊಟ್ಟ ಸಲಹೆಯೂ ಇದೇ: ಹಿರಿಯರು, ಸಕ್ಕರೆ ಅಥವಾ ಹೃದ್ರೋಗದಂಥ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಗರ್ಭಿಣಿಯರು, ಮುಂಚೂಣಿಯ ಆರೋಗ್ಯ ಸಿಬ್ಬಂದಿ ಹಿಂದಿನ ಡೋಸ್ ಆಗಿ 6 ಅಥವಾ 12 ತಿಂಗಳ ಮೇಲೆ ಇನ್ನೊಂದು ತೆಗೆದುಕೊಳ್ಳಬೇಕು. ನೀವಿಬ್ಬರೂ ಈ ಪಟ್ಟಿಗೆ ಸೇರುತ್ತೀರಿ, ನಿಮಗಿಂತ ನಿಮ್ಮ ಯಜಮಾನರು ಒಂದು ಕೈ ಹೆಚ್ಚು.

ಇನ್ನು, ಸಿಗುತ್ತದೆಯೇ? ಅಮೆರಿಕ, ಬ್ರಿಟನ್‌ಗಳಲ್ಲಿ ಕೊಡುವ ಲಸಿಕೆಯನ್ನು ಈಚಿನ ತಳಿಗೆ ಹೊಂದುವಂತೆ ಬದಲಿಸುತ್ತಾ ಬಂದಿದ್ದಾರೆ. 2024ರಿಂದ ಈಚೆಗಿನದು ಜೆಎನ್.1 ವಂಶದ ತಳಿಯನ್ನು ಆಧರಿಸಿದೆ. ಫೈಜರ್, ಮೊಡೆರ್ನಾ ಲಸಿಕೆಗಳು ನಮ್ಮಲ್ಲಿ ಮಾರಾಟಕ್ಕೆ ಬರಲೇ ಇಲ್ಲ. ನಮ್ಮ ಕೋವಿಶೀಲ್ಡ್, ಕೋವ್ಯಾಕ್ಸಿನ್, ಕಾರ್ಬೆವ್ಯಾಕ್ಸ್ ಮೂರೂ 2020ರ ಮೂಲ ವೈರಸ್ಸಿನ ಆಧಾರದವು. ಪುಣೆಯ ಜೆನೋವಾ ಕಂಪನಿಯ ಒಮಿಕ್ರಾನ್ ಬೂಸ್ಟರ್‌ಗೆ 2023ರ ಜೂನ್‌ನಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತ್ತಾದರೂ ಊರಿನ ಆಸ್ಪತ್ರೆಗಳಲ್ಲಿ ಅದು ಕೈಗೆಟುಕುವ ವಸ್ತುವಾಗಲಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ 18 ದಾಟಿದ ಎಲ್ಲರಿಗೂ ಉಚಿತವಾಗಿ ಕೊಡುವ ಅಭಿಯಾನ 2022ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. 2023ರ ಡಿಸೆಂಬರ್‌ನಲ್ಲಿ ಜೆಎನ್.1 ಹಬ್ಬಿದಾಗ ರಾಜ್ಯ ಸರ್ಕಾರ ಹಿರಿಯರಿಗಾಗಿ 30 ಸಾವಿರ ಡೋಸ್ ಕಾರ್ಬೆವ್ಯಾಕ್ಸ್ ತರಿಸುವ ತೀರ್ಮಾನ ಮಾಡಿತು. ಇಷ್ಟು ದೊಡ್ಡ ರಾಜ್ಯಕ್ಕೆ 30 ಸಾವಿರ ಯಾವ ಮೂಲೆಗೆ? ಸೂಜಿ ಹಾಕುವ ಸಿಸ್ಟರನ್ನು ಬೈದು ಪ್ರಯೋಜನವಿಲ್ಲ, ಪೂರೈಕೆಯೇ ಇಲ್ಲ.

ದೊಡ್ಡ ಖಾಸಗಿ ಆಸ್ಪತ್ರೆಗಳ ಲಸಿಕೆ ವಿಭಾಗಕ್ಕೆ ಫೋನ್ ಮಾಡಿ ಇಷ್ಟು ಕೇಳಿ: ಯಾವ ಲಸಿಕೆ ಇದೆ, ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ, ಒಬ್ಬರಿಗಾದರೂ ಹಾಕುತ್ತೀರಾ ಅಥವಾ ಹೆಸರು ಬರೆದುಕೊಳ್ಳುತ್ತೀರಾ. ಕೊನೆಯ ಪ್ರಶ್ನೆಗೆ ಕಾರಣವಿದೆ. ಹಲವು ಲಸಿಕೆಗಳು ಹತ್ತಾರು ಡೋಸ್‌ಗಳ ಸೀಸೆಯಲ್ಲಿ ಬರುತ್ತವೆ, ತೆರೆದರೆ ಕೆಲವು ಗಂಟೆಗಳಲ್ಲಿ ಮುಗಿಸಬೇಕು. ಒಬ್ಬರಿಗಾಗಿ ಸೀಸೆ ತೆರೆದು ಉಳಿದದ್ದನ್ನು ಚೆಲ್ಲಲು ಯಾರಿಗೂ ಮನಸ್ಸಾಗದು. ನಾಲ್ಕೈದು ಜನರಾದಾಗ ಕರೆಯುತ್ತಾರೆ. ನಿಮ್ಮ ರಸ್ತೆಯ ಹಿರಿಯರೇ ಕೂಡಿಕೊಂಡು ಕೇಳಿದರೆ ಕೆಲಸ ಬೇಗ ಆಗುತ್ತದೆ.

ಮೂರು ಕೋವಿಶೀಲ್ಡ್ ಆದವರಿಗೆ ಬೇರೆ ಬಗೆಯ ಲಸಿಕೆ ಸಿಕ್ಕರೆ ಒಳ್ಳೆಯದು. ಕೋವಿಶೀಲ್ಡ್ ಒಂದು ಅಡಿನೋವೈರಸ್ಸಿನ ಮೇಲೇರಿ ಬರುತ್ತದೆ. ಅದನ್ನೇ ಮತ್ತೆ ಮತ್ತೆ ಕೊಟ್ಟರೆ ದೇಹ ಆ ವಾಹನದ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ. ಕಾರ್ಬೆವ್ಯಾಕ್ಸ್ ಪ್ರೋಟೀನ್ ಲಸಿಕೆ, ಆ ತೊಂದರೆ ಅದಕ್ಕಿಲ್ಲ. ಹಳೆಯ ತಳಿಯದ್ದಾದರೂ ಹಿರಿಯರಲ್ಲಿ ನೆನಪಿನ ಕೋಶಗಳನ್ನು ಎಚ್ಚರಿಸುವಷ್ಟು ಕೆಲಸ ಮಾಡುತ್ತದೆ. ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಅದೊಂದನ್ನೇ ಕಾಯುತ್ತಾ ಕೂರಬೇಡಿ; ಬೆಂಗಳೂರಿನಲ್ಲಿ ಖಂಡಿತ ಸಿಗುವ, ನಿಮ್ಮ ಪತ್ರದಲ್ಲಿ ಹೆಸರೇ ಬಾರದ ಎರಡು ಲಸಿಕೆಗಳಿವೆ.

ಒಂದು, ಫ್ಲೂ ಲಸಿಕೆ. ನಮ್ಮೂರಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ, ಇನ್ನೊಮ್ಮೆ ಜನವರಿಯಿಂದ ಮಾರ್ಚ್‌ವರೆಗೆ. ಆ ವರ್ಷದ ಹೊಸ ಲಸಿಕೆಯನ್ನು ಮೇ ಕೊನೆಯೊಳಗೆ ಹಾಕಿಸಿಕೊಳ್ಳಿ. ರಕ್ಷಣೆ ಬರಲು ಎರಡು ವಾರ ಬೇಕು. ಪ್ರತಿ ವರ್ಷ ಹಾಕಿಸಬೇಕು. ಸ್ಟೆಂಟ್ ಇರುವವರಲ್ಲಿ ಇದು ಮತ್ತೆ ಹೃದಯಾಘಾತವಾಗುವ ಅಪಾಯವನ್ನೂ ತಗ್ಗಿಸುತ್ತದೆ, ಆದ್ದರಿಂದ ನಿಮ್ಮ ಯಜಮಾನರಿಗೆ ಬಿಡಲೇಬಾರದು.

ಎರಡು, ನ್ಯುಮೋನಿಯಾ ಲಸಿಕೆ. ಮೊದಲು 13 ಬಗೆಯ ಬ್ಯಾಕ್ಟೀರಿಯಾದ್ದು, ಒಂದು ವರ್ಷ ಬಿಟ್ಟು 23 ಬಗೆಯದ್ದು. ಕ್ರಮ ತಿರುವುಮುರುವಾದರೆ ಫಲ ಕಡಿಮೆ. 20 ಬಗೆಯದ್ದು ಸಿಕ್ಕರೆ ಅದೊಂದೇ ಸಾಕು, ಮುಂದಿನದು ಬೇಡ.

ಇವನ್ನು ಬಹಳ ಜನ ಮೆಡಿಕಲ್ ಸ್ಟೋರಿನಲ್ಲಿ ಕೊಂಡು ಪರಿಚಯದ ಡಾಕ್ಟರ ಕ್ಲಿನಿಕ್ಕಿಗೆ ಒಯ್ಯುತ್ತಾರೆ. ಹಾಳಾಗುವುದು ಈ ದಾರಿಯಲ್ಲೇ. ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಬಿಸಿಲಿಗೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು, ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಗೊತ್ತಿರುವುದಿಲ್ಲ. ಐಸ್ ಪ್ಯಾಕಿಗೆ ತಾಗಿಸಿ ತಂದರೆ, ಫ್ರಿಜ್ಜಿನ ಫ್ರೀಜರಿನಲ್ಲಿ ಇಟ್ಟರೆ ಮುಗಿಯಿತು. ನೋಡಲು ಏನೂ ಆಗದಂತೆ ಕಂಡರೂ ಅದು ಕೆಲಸಕ್ಕೆ ಬಾರದು, ಕರಗಿಸಿ ಹಾಕಿಸಿಕೊಳ್ಳಬೇಡಿ. ಐಸ್ ಪ್ಯಾಕನ್ನು ಟವೆಲಿನಲ್ಲಿ ಸುತ್ತಿ, ನಡುವೆ ದಪ್ಪ ರಟ್ಟು ಇಟ್ಟು, ಲಸಿಕೆಯನ್ನು ಅದರ ಪೆಟ್ಟಿಗೆಯಲ್ಲೇ ಇಟ್ಟು ನೇರವಾಗಿ ಕ್ಲಿನಿಕ್ಕಿಗೆ ಹೋಗಿ. ದಾರಿಯಲ್ಲಿ ತರಕಾರಿ ಮಾರ್ಕೆಟ್ಟಿಗೆ ಇಳಿಯಬೇಡಿ. ಸಾಧ್ಯವಾದರೆ ಲಸಿಕೆಯನ್ನು ತಾವೇ ಇಟ್ಟುಕೊಂಡಿರುವ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳುವುದು ಮೇಲು. ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ.

ವಯಸ್ಸು 34, ಐಟಿ ಉದ್ಯೋಗಿ. ಬಿಪಿ, ಶುಗರ್ ಏನೂ ಇಲ್ಲ. ಎರಡು ಡೋಸ್ ಆಗಿದೆ, ಬೂಸ್ಟರ್ ಆಗಿಲ್ಲ. ಕೋವಿಡ್ ಎರಡು ಸಲ ಬಂದು ಹೋಗಿದೆ. ನಾನು ಹಾಕಿಸಿಕೊಳ್ಳಬೇಕಾ?
— ಒಬ್ಬ ಓದುಗ, ವೈಟ್‌ಫೀಲ್ಡ್

ಬೇಡ. ಎರಡು ಡೋಸ್, ಎರಡು ಸೋಂಕು ಸೇರಿ ನಿಮ್ಮ ದೇಹಕ್ಕೆ ಈ ವೈರಸ್ಸಿನ ಪರಿಚಯ ಸಾಕಷ್ಟು ಆಗಿದೆ. ಇನ್ನೊಂದು ಡೋಸ್‌ನಿಂದ ಕೆಲವು ತಿಂಗಳ ಮಟ್ಟಿಗೆ ನೆಗಡಿಯ ಸಾಧ್ಯತೆ ಸ್ವಲ್ಪ ಕಡಿಮೆಯಾದೀತು, ಅಷ್ಟೆ. ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರೋ ಅಂಗ ಕಸಿಯಾದವರೋ ಇದ್ದರೆ, ಅಥವಾ ನಿಮಗೇ ಮುಂದೆ ಸಕ್ಕರೆ, ಕಿಡ್ನಿ ತೊಂದರೆ ಶುರುವಾದರೆ ಲೆಕ್ಕ ಬದಲಾಗುತ್ತದೆ.

ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಸತ್ತಿದ್ದು ಲಸಿಕೆಯಿಂದ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂತು. ಕೋವಿಶೀಲ್ಡ್ ಕಂಪನಿಯೇ ಕೋರ್ಟಿನಲ್ಲಿ ಒಪ್ಪಿಕೊಂಡಿದೆಯಂತೆ. ನಮ್ಮ ಮನೆಯವರೆಲ್ಲ ಅದನ್ನೇ ಹಾಕಿಸಿಕೊಂಡಿದ್ದು. ಈಗಲೂ ಏನಾದರೂ ಆಗಬಹುದಾ? ಟೆಸ್ಟ್ ಮಾಡಿಸಬೇಕಾ?
— ಮಂಜುಳಾ, ರಾಜಾಜಿನಗರ

ಈ ಭಯದಲ್ಲಿ ಮೂರು ಬೇರೆ ಬೇರೆ ವಿಷಯಗಳು ಕಲೆಸಿಹೋಗಿವೆ, ಒಂದೊಂದಾಗಿ ಬಿಡಿಸೋಣ.

ಕೋರ್ಟಿನ ವಿಷಯ. ಕೋವಿಶೀಲ್ಡ್‌ನ ಮೂಲ ಲಸಿಕೆಯ ಒಡೆತನದ ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು ಹೃದಯಾಘಾತವನ್ನಲ್ಲ. ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದರ ಜೊತೆಗೇ ಪ್ಲೇಟ್‌ಲೆಟ್ ಕುಸಿಯುವ ಒಂದು ತೊಂದರೆ ಆಗಬಹುದು ಎಂಬುದನ್ನು. ಇದು 2021ರಲ್ಲೇ ವೈದ್ಯರಿಗೆ ಗೊತ್ತಾಗಿತ್ತು. ಬ್ರಿಟನ್ನಿನ ಲೆಕ್ಕದಲ್ಲಿ ಮೊದಲ ಡೋಸ್ ಪಡೆದ 50 ವರ್ಷದೊಳಗಿನವರಲ್ಲಿ ಸುಮಾರು 50 ಸಾವಿರಕ್ಕೆ ಒಬ್ಬರಿಗೆ, ಅದಕ್ಕೆ ಮೇಲ್ಪಟ್ಟವರಲ್ಲಿ ಸುಮಾರು ಲಕ್ಷಕ್ಕೆ ಒಬ್ಬರಿಗೆ ಆಯಿತು. ಎರಡನೆಯ ಡೋಸ್‌ನಲ್ಲಿ ಇನ್ನೂ ಕಡಿಮೆ. ಅದು ಕಾಣಿಸಿಕೊಳ್ಳುವುದು ಲಸಿಕೆಯಾದ ನಾಲ್ಕನೆಯ ದಿನದಿಂದ ಸುಮಾರು ಆರು ವಾರದೊಳಗೆ. ವರ್ಷಗಳ ಮೇಲೆ ಅದು ತಲೆ ಎತ್ತುವುದಿಲ್ಲ. ನಿಮ್ಮ ಮನೆಯವರ ಮಟ್ಟಿಗೆ ಆ ಅವಧಿ ಯಾವತ್ತೋ ಮುಗಿಯಿತು. ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವ ಡಿ-ಡೈಮರ್ ಟೆಸ್ಟ್ ಮಾಡಿಸಬೇಡಿ: ವಯಸ್ಸು, ಜ್ವರ, ಗಾಯ, ಬಸಿರು ಏನಿದ್ದರೂ ಅದರ ಅಂಕಿ ಏರುತ್ತದೆ, ಸುಮ್ಮನೆ ಸ್ಕ್ಯಾನಿಂಗ್ ಬೆನ್ನು ಹತ್ತಬೇಕಾಗುತ್ತದೆ.

ಹೃದಯದ ಸ್ನಾಯುವಿನ ಉರಿಯೂತ. ಇದು ಹೆಚ್ಚಾಗಿ ಕಂಡದ್ದು ಫೈಜರ್, ಮೊಡೆರ್ನಾದಂಥ ಎಂಆರ್‌ಎನ್‌ಎ ಲಸಿಕೆಗಳ ಎರಡನೆಯ ಡೋಸ್ ಪಡೆದ ಹದಿಹರೆಯದ ಹುಡುಗರಲ್ಲಿ, ಯುವಕರಲ್ಲಿ, ಅದೂ ಒಂದು ವಾರದೊಳಗೆ. ಬಹುತೇಕರು ಚೇತರಿಸಿಕೊಂಡರು. ಆ ಎರಡು ಕಂಪನಿಗಳ ಲಸಿಕೆಗಳು ಇಲ್ಲಿ ಬರಲೇ ಇಲ್ಲವೆಂದು ಮೇಲೆ ಹೇಳಿದ್ದೇವೆ.

ಹಾಸನ. 2025ರ ಜೂನ್‌ನಲ್ಲಿ ಸಾಲು ಸಾಲಾಗಿ ಸಾವಿನ ಸುದ್ದಿ ಬಂದಾಗ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಲಸಿಕೆಗೂ ಈ ಸಾವುಗಳಿಗೂ ನಂಟು ಕಾಣಲಿಲ್ಲ ಎಂದು ಸಮಿತಿ ವರದಿ ಕೊಟ್ಟಿತು. ಅದಕ್ಕೂ ಮೊದಲೇ, 2023ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ 47 ಆಸ್ಪತ್ರೆಗಳಲ್ಲಿ ಅಧ್ಯಯನ ನಡೆಸಿತ್ತು. 18ರಿಂದ 45 ವಯಸ್ಸಿನ, ಕಾರಣ ತಿಳಿಯದೆ ಹಠಾತ್ತನೆ ಸತ್ತ 729 ಜನರನ್ನು ಅವರದೇ ವಯಸ್ಸಿನ, ಅವರದೇ ಆಸುಪಾಸಿನ 2,916 ಜನರೊಂದಿಗೆ ಹೋಲಿಸಿ ನೋಡಿದರು. ಲಸಿಕೆಯಿಂದ ಅಪಾಯ ಏರಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಇಳಿದಿತ್ತು. ಅಪಾಯ ಏರಿಸಿದವು ಯಾವುವು ಗೊತ್ತೇ? ಕುಟುಂಬದಲ್ಲಿ ಹಿಂದೆ ಆದ ಹಠಾತ್ ಸಾವು, ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಸಾವಿಗೆ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದದ್ದು, ಅದೇ ಅವಧಿಯಲ್ಲಿ ವಿಪರೀತ ದೇಹದಂಡನೆ.

ಮಂಜುಳಾ ಅವರೇ, ಆ ಟೆಸ್ಟ್ ದುಡ್ಡನ್ನು ಬೇರೆ ಕಡೆ ಹಾಕಿ. 30 ದಾಟಿದ ಎಲ್ಲರ ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್ ನೋಡಿಸಿ. ಮನೆಯಲ್ಲಿ ಸಿಗರೇಟು, ಗುಟ್ಕಾ ಇದ್ದರೆ ನಿಜವಾದ ಶತ್ರು ಅದೇ. ಎದೆ ಹಿಂಡಿದಂತಾಗಿ ನೋವು ಎಡಗೈಗೆ, ದವಡೆಗೆ ಹರಿದರೆ, ತಣ್ಣನೆ ಬೆವರು ಬಂದರೆ 'ಗ್ಯಾಸ್ಟ್ರಿಕ್' ಎಂದು ಸೋಡಾ ಕುಡಿದು ಮಲಗಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆ ಸೇರಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಊರಲ್ಲಿರುವ ನೆಂಟರಿಗೂ ಇದನ್ನು ತಿಳಿಸಿ.

ಆಂಟಿಬಾಡಿ ಟೆಸ್ಟ್ ಮಾಡಿಸಿದೆ. ರಿಪೋರ್ಟಿನಲ್ಲಿ '250ಕ್ಕಿಂತ ಹೆಚ್ಚು' ಎಂದಿದೆ. ಇಷ್ಟಿದ್ದ ಮೇಲೆ ಬೂಸ್ಟರ್ ಬೇಡ ಅಲ್ಲವೇ?
— ಶ್ರೀನಿವಾಸಮೂರ್ತಿ, ಜಯನಗರ

ಆ ರಿಪೋರ್ಟಿನಿಂದ ಹಾಗೆ ತೀರ್ಮಾನಿಸಲಾಗದು. 250 ಎನ್ನುವುದು ಆ ಯಂತ್ರ ನೇರವಾಗಿ ಅಳೆಯಬಲ್ಲ ಗರಿಷ್ಠ ಮಿತಿ. 0.8 ದಾಟಿದರೆ 'ಪಾಸಿಟಿವ್' ಎಂದು ಬರೆಯುತ್ತಾರೆ. ಎಷ್ಟಿದ್ದರೆ ರಕ್ಷಣೆ ಎಂಬ ಗೆರೆಯನ್ನು ಯಾರೂ ಎಳೆದಿಲ್ಲ. ಅದು ಅಳೆಯುವುದು ಹಳೆಯ ತಳಿಯ ವೈರಸ್ಸಿನ ಮೈಮೇಲಿನ ಮುಳ್ಳು ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳನ್ನು. ಇಂದಿನ ತಳಿಯ ಎದುರು ಅವು ಎಷ್ಟು ನಿಲ್ಲುತ್ತವೆ ಎಂಬುದು ಅದರಲ್ಲಿ ಕಾಣುವುದಿಲ್ಲ, ನೆನಪಿನ ಕೋಶಗಳಂತೂ ರಕ್ತದ ಆ ಟೆಸ್ಟಿಗೆ ಸಿಗುವುದೇ ಇಲ್ಲ. ವಯಸ್ಸು, ಕಾಯಿಲೆ, ಹಿಂದಿನ ಡೋಸ್ ಅಥವಾ ಸೋಂಕಾಗಿ ಎಷ್ಟು ತಿಂಗಳಾಯಿತು, ಇವುಗಳ ಮೇಲೆ ನಿರ್ಧರಿಸಿ. ಸೋಂಕಾಗಿದ್ದರೆ ಮೂರು ತಿಂಗಳು ಬಿಡಿ.

ಸಂಧಿವಾತಕ್ಕೆ ಆರು ವರ್ಷದಿಂದ ಪ್ರತಿ ಭಾನುವಾರ ಮೆಥೋಟ್ರೆಕ್ಸೇಟ್ 15 ಮಿ.ಗ್ರಾಂ. ತೆಗೆದುಕೊಳ್ಳುತ್ತೇನೆ, ಜೊತೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್. ವಯಸ್ಸು 52. ಲಸಿಕೆ ಹಾಕಿಸಿಕೊಂಡರೆ ಗಂಟು ನೋವು ಉಲ್ಬಣಿಸುತ್ತದೆ ಎಂದು ಯಾರೋ ಹೇಳಿದರು.
— ಗಿರಿಜಾ, ಮಲ್ಲೇಶ್ವರ

ನಿಮ್ಮ ವಯಸ್ಸು ಕಡಿಮೆಯಾದರೂ ಔಷಧದ ಕಾರಣದಿಂದ ನೀವು ಬೂಸ್ಟರ್ ಬೇಕಾದವರ ಪಟ್ಟಿಯಲ್ಲಿದ್ದೀರಿ. ಲಸಿಕೆಯಿಂದ ಗಂಟು ನೋವು ಕೆಲವು ದಿನ ಹೆಚ್ಚಾಗುವುದುಂಟು, ಕಾಯಿಲೆಯೇ ಹದಗೆಡುವುದು ಅಪರೂಪ.

ಮೆಥೋಟ್ರೆಕ್ಸೇಟ್ ಲಸಿಕೆಯ ಫಲವನ್ನು ತಗ್ಗಿಸುತ್ತದೆ. ಬೂಸ್ಟರ್ ಆದ ಮೇಲೆ ಈ ಮಾತ್ರೆಯನ್ನು ಎರಡು ವಾರ ನಿಲ್ಲಿಸಿದವರಲ್ಲಿ ಪ್ರತಿಕಾಯ ಹೆಚ್ಚುಕಡಿಮೆ ಇಮ್ಮಡಿಯಾಯಿತು ಎಂದು ಬ್ರಿಟನ್ನಿನಲ್ಲಿ ನಡೆದ ಪರೀಕ್ಷೆ ತೋರಿಸಿದೆ. ಮಾಡುವುದು ಹೀಗೆ: ಭಾನುವಾರದ ಮಾತ್ರೆಗೆ ಹತ್ತಿರದ ದಿನ, ಶನಿವಾರವೆನ್ನಿ, ಲಸಿಕೆ ಹಾಕಿಸಿಕೊಳ್ಳಿ. ಆ ಭಾನುವಾರದ್ದು, ಮುಂದಿನ ಭಾನುವಾರದ್ದು ಬಿಡಿ. ಮೂರನೆಯ ಭಾನುವಾರ ಎಂದಿನ 15 ಮಿ.ಗ್ರಾಂ. ಶುರು ಮಾಡಿ, ಬಿಟ್ಟದ್ದನ್ನು ಸೇರಿಸಿ ತೆಗೆದುಕೊಳ್ಳಬೇಡಿ, ಮೆಥೋಟ್ರೆಕ್ಸೇಟ್ ಹೆಚ್ಚಾದರೆ ಬಾಯಿಹುಣ್ಣು, ಬಿಳಿ ರಕ್ತಕಣ ಕುಸಿತ ಆಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂದಿನಂತೆ ಇರಲಿ. ಈ ಎರಡು ವಾರದ ಬಿಡುವಿಗೆ ನಿಮ್ಮ ಸಂಧಿವಾತ ತಜ್ಞರ ಒಪ್ಪಿಗೆ ಬೇಕೇ ಬೇಕು. ಈಗಾಗಲೇ ಗಂಟು ಊದಿಕೊಂಡಿದ್ದರೆ ಅವರು ನಿಲ್ಲಿಸುವುದು ಬೇಡ ಎನ್ನಬಹುದು, ಹಾಗಾದರೆ ನಿಲ್ಲಿಸದೆಯೇ ಲಸಿಕೆ ಹಾಕಿಸಿ.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಅದನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು, ದಿಢೀರನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ರಿಟುಕ್ಸಿಮ್ಯಾಬ್ ಇಂಜೆಕ್ಷನ್ ಇರುವವರಿಗೆ ಸಮಯವೇ ಎಲ್ಲ: ಹಿಂದಿನದಾಗಿ ಐದಾರು ತಿಂಗಳಾಗಿರಬೇಕು, ಮುಂದಿನದಕ್ಕೆ ಎರಡರಿಂದ ನಾಲ್ಕು ವಾರ ಬಾಕಿ ಇರಬೇಕು. ಅದಾದ ಮಾರನೆಯ ತಿಂಗಳೇ ಹಾಕಿಸಿದರೆ ಪ್ರತಿಕಾಯ ತಯಾರಿಸುವ ಕೋಶಗಳೇ ಇಲ್ಲದ ದೇಹಕ್ಕೆ ಲಸಿಕೆ ಕೊಟ್ಟಂತೆ.

ಅಮ್ಮನಿಗೆ 78. ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಅಸಿಟ್ರಾಮ್ ಮಾತ್ರೆ ನಡೀತಾ ಇದೆ. ಸೂಜಿ ಚುಚ್ಚಿದರೆ ರಕ್ತ ನಿಲ್ಲದಿದ್ದರೆ?
— ನಾಗರಾಜ, ಯಲಹಂಕ

ಮಾತ್ರೆ ನಿಲ್ಲಿಸಬೇಡಿ, ಕವಾಟದಲ್ಲಿ ಹೆಪ್ಪುಗಟ್ಟುವ ಅಪಾಯ ಸೂಜಿಯ ಗಾಯಕ್ಕಿಂತ ಎಷ್ಟೋ ದೊಡ್ಡದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆಯ ಹಿಂದಿನ ವರದಿ ನೋಡಿ. ವೈದ್ಯರು ಹೇಳಿದ ಮಿತಿಯಲ್ಲಿದ್ದರೆ ಹಾಕಿಸಬಹುದು, ಮೀರಿದ್ದರೆ ಸರಿಯಾಗುವವರೆಗೆ ಮುಂದೂಡಿ. ಸಿಸ್ಟರಿಗೆ ಮೊದಲೇ ತಿಳಿಸಿ, 23 ಅಥವಾ 25 ಗೇಜಿನ ಸಣ್ಣ ಸೂಜಿ ಬಳಸಲಿ. ಆದ ಮೇಲೆ ಹತ್ತಿಯಿಂದ ಎರಡರಿಂದ ಐದು ನಿಮಿಷ ಗಡಿಯಾರ ನೋಡಿಕೊಂಡು ಒತ್ತಿ ಹಿಡಿಯಿರಿ. ಉಜ್ಜಬಾರದು. ಉಜ್ಜಿದಾಗಲೇ ಒಳಗೆ ರಕ್ತ ಹರಡಿ ತೋಳು ನೀಲಿಗಟ್ಟುವುದು.

ಜ್ವರ, ಮೈಕೈ ನೋವು ಒಂದೆರಡು ದಿನ ಇರಬಹುದು. ನಮ್ಮೂರಿನದೇ ಡೋಲೋ 650 ಒಂದು ಮಾತ್ರೆ, ಬೇಕಾದರೆ ಆರು ಗಂಟೆ ಬಿಟ್ಟು ಇನ್ನೊಂದು. ಅಸಿಟ್ರಾಮ್ ಇರುವವರು ಬ್ರೂಫೆನ್, ಡೈಕ್ಲೋಫೆನಾಕ್ ಮುಟ್ಟಬಾರದು. ಕಂಕುಳಲ್ಲಿ ಗ್ರಂಥಿ ಊದಿಕೊಂಡರೆ ಗಾಬರಿ ಬೇಡ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಒಂದು ಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದವರು ಇನ್ನೊಂದು ಬದಿಯ ತೋಳಿಗೆ ಹಾಕಿಸಿಕೊಳ್ಳಲಿ.

ಮಗಳ ಬಾಣಂತನಕ್ಕೆ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಗೆ ಹೊರಟಿದ್ದೇವೆ. ನನಗೆ 63, ಬಿಪಿ ಇದೆ, ನಮ್ಮವರಿಗೆ 67. ಲಸಿಕೆ ಇಲ್ಲೇ ಹಾಕಿಸಬೇಕಾ, ಅಲ್ಲಿಯಾ?
— ವಿಶಾಲಾಕ್ಷಿ, ವಿಜಯನಗರ

ವೀಸಾಕ್ಕಾಗಲಿ ವಿಮಾನಕ್ಕಾಗಲಿ ಕೋವಿಡ್ ಲಸಿಕೆ ಕಡ್ಡಾಯವಲ್ಲ. ಅಮೆರಿಕ ಆ ನಿಯಮವನ್ನು 2023ರ ಮೇ ತಿಂಗಳಲ್ಲೇ ತೆಗೆಯಿತು. ಆದರೆ ಹೊಸ ತಳಿಯ ಲಸಿಕೆ ಸಿಗುವ ಊರಿಗೇ ಹೋಗುತ್ತಿದ್ದೀರಿ, ಅಲ್ಲೇ ಹಾಕಿಸಿಕೊಳ್ಳಿ. ಕೋವಿಶೀಲ್ಡ್ ಆದವರಿಗೆ ಅಲ್ಲಿನ ಯಾವುದನ್ನೂ ಕೊಡಬಹುದು. ಪ್ರವಾಸಿಗರ ವಿಮೆ ಸಾಮಾನ್ಯವಾಗಿ ಲಸಿಕೆಯ ಖರ್ಚು ಕೊಡುವುದಿಲ್ಲ, ಕೈಯಿಂದಲೇ ಕೊಡಬೇಕು. ಒಬ್ಬರಿಗೆ 150 ಡಾಲರ್ ದಾಟುವುದು ಮಾಮೂಲು. ಅಲ್ಲಿ 65 ದಾಟಿದವರಿಗೆ, ಅದಕ್ಕಿಂತ ಕಿರಿಯರಲ್ಲಿ ಕಾಯಿಲೆ ಇರುವವರಿಗೆ ಎಂಬ ನಿಯಮವಿದೆ, ವೈದ್ಯರ ಚೀಟಿ ಬೇಕೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲು. ನೀವು ತಲುಪುವ ಮೊದಲೇ ಮಗಳಿಂದಲೋ ಅಳಿಯಂದಿರಿಂದಲೋ ಹತ್ತಿರದ ಫಾರ್ಮಸಿಗೆ ಫೋನ್ ಮಾಡಿಸಿ. ಹಳೆಯ ಕೋವಿನ್ ಸರ್ಟಿಫಿಕೇಟು, ಬಿಪಿ ಮಾತ್ರೆಯ ಚೀಟಿ ಕೈಚೀಲದಲ್ಲಿರಲಿ.

ಮಗುವಿಗಾಗಿ ಇಲ್ಲೇ ಹಾಕಿಸಿಕೊಂಡು ಹೋಗಬೇಕಾದದ್ದು ಟಿಡ್ಯಾಪ್. ನಾಯಿಕೆಮ್ಮು, ಧನುರ್ವಾಯು, ಗಂಟಲಮಾರಿ ಮೂರಕ್ಕೂ ಸೇರಿದ ಲಸಿಕೆ, ಒಂದೇ ಡೋಸ್. ದೊಡ್ಡವರಲ್ಲಿ ನಾಯಿಕೆಮ್ಮು ವಾರಗಟ್ಟಲೆ ಕಾಡುವ ಒಣಕೆಮ್ಮಷ್ಟೇ, ಎರಡು ತಿಂಗಳ ಕೂಸಿಗೆ ಅದು ಉಸಿರು ನಿಲ್ಲಿಸುವ ಕಾಯಿಲೆ. ಮಗುವನ್ನು ಎತ್ತಿಕೊಳ್ಳುವುದಕ್ಕೆ ಕನಿಷ್ಠ ಎರಡು ವಾರ ಮೊದಲು ಆಗಿರಬೇಕು. ಇಲ್ಲಿ ಟಿಟಿ ಇಂಜೆಕ್ಷನ್ ಆಗಿದೆ ಎಂದು ಬಿಡಬೇಡಿ, ಅದರಲ್ಲಿ ನಾಯಿಕೆಮ್ಮಿನ ಭಾಗವೇ ಇಲ್ಲ.

ಇನ್ನು ನಿಮ್ಮ ಮಗಳು. ಆರು ತಿಂಗಳು ತುಂಬದ ಮಗುವಿಗೆ ಕೋವಿಡ್ ಲಸಿಕೆ ಇಲ್ಲ, ಮಕ್ಕಳಲ್ಲಿ ಆಸ್ಪತ್ರೆ ಸೇರುವವರೂ ಆ ವಯಸ್ಸಿನವರೇ ಹೆಚ್ಚು. ಬಸುರಿಯಲ್ಲಿ ತಾಯಿ ಹಾಕಿಸಿಕೊಂಡರೆ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ದಾಟುತ್ತವೆ. ಟಿಡ್ಯಾಪ್ ಅವಳಿಗೂ 27ರಿಂದ 36ನೆಯ ವಾರದೊಳಗೆ ಆಗಬೇಕು. ಅವಳ ವೈದ್ಯರು ಇದನ್ನು ಹೇಳಿಯೇ ಹೇಳಿರುತ್ತಾರೆ, ಆದರೂ ಒಮ್ಮೆ ಕೇಳಿಬಿಡಿ.

ಬೂಸ್ಟರ್ ಸಿಗಲಿಲ್ಲ, ಮನೆಯಲ್ಲಿ 75ರ ಮಾವನವರಿದ್ದಾರೆ. ಜ್ವರ ಬಂದರೆ ಏನು ತಯಾರಿ ಇರಬೇಕು?
— ಪದ್ಮಾ, ಕೆಂಗೇರಿ

ತಡಮಾಡದಿರುವುದೇ ಮುಖ್ಯ ತಯಾರಿ. ಕೋವಿಡ್‌ಗೆ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಎಂಬ ಮಾತ್ರೆ ಇದೆ, ಭಾರತದಲ್ಲೇ ತಯಾರಾಗುತ್ತದೆ, ವೈದ್ಯರ ಚೀಟಿ ಬೇಕು. ಲಕ್ಷಣ ಶುರುವಾದ ಐದು ದಿನದೊಳಗೆ ಆರಂಭಿಸಿದರಷ್ಟೇ ಕೆಲಸ. ಹಾಗಾಗಿ ಗಂಟಲು ಕೆರೆತ, ಜ್ವರ ಬಂದ ಮೊದಲ ಅಥವಾ ಎರಡನೆಯ ದಿನವೇ ಪರೀಕ್ಷೆ ಮಾಡಿಸಿ. ಮನೆಯ ಕಿಟ್ಟಿನಲ್ಲಿ ನೆಗೆಟಿವ್ ಬಂದರೆ ನಂಬಿ ಕೂರಬೇಡಿ, ಆರ್‌ಟಿ-ಪಿಸಿಆರ್ ಮಾಡಿಸಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಇಟ್ಟುಕೊಳ್ಳಿ. ಐದು ನಿಮಿಷ ಸುಮ್ಮನೆ ಕೂತ ಮೇಲೆ, ಕೈ ಬೆಚ್ಚಗಿರುವಾಗ, ಉಗುರುಬಣ್ಣ ಇಲ್ಲದ ಬೆರಳಿಗೆ ಹಾಕಿ, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. 94 ಅಥವಾ ಅದಕ್ಕಿಂತ ಕೆಳಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ, 90ಕ್ಕೆ ಇಳಿದರೆ ಆಂಬುಲೆನ್ಸ್ ಕರೆಯಿರಿ. ಮನೆಯೊಳಗೆ ಆರು ನಿಮಿಷ ನಡೆಸಿದಾಗ ಮೂರು ಅಂಕಕ್ಕಿಂತ ಹೆಚ್ಚು ಕುಸಿದರೂ ಎಚ್ಚರ. ಹಳೆಯ ಚೀಟಿಯ ಅಜಿಥ್ರೋಮೈಸಿನ್, ಡೆಕ್ಸಾಮೆಥಾಸೋನ್ ಕೊಡಬೇಡಿ. ಆಮ್ಲಜನಕದ ಅಗತ್ಯವಿಲ್ಲದವರಿಗೆ ಸ್ಟೀರಾಯ್ಡ್ ಕೊಟ್ಟರೆ ಸಕ್ಕರೆ ಏರುತ್ತದೆ, ಸೋಂಕಿನೆದುರು ದೇಹ ಸೋಲುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರ ಅಷ್ಟು ಜನರನ್ನು ಹಿಡಿದದ್ದಕ್ಕೆ ಇದೂ ಒಂದು ಕಾರಣ.

ಆ ನಿರ್ಮಾಟ್ರೆಲ್ವಿರ್-ರಿಟೊನಾವಿರ್ ಮಾತ್ರೆಗೂ ಬೇರೆ ಹಲವು ಔಷಧಗಳಿಗೂ ಆಗಿಬರುವುದಿಲ್ಲ. ಮಾವನವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ ಇಂದೇ ಒಂದು ಹಾಳೆಯಲ್ಲಿ ಬರೆದು ಫೋನಿನಲ್ಲೂ ಫೋಟೋ ತೆಗೆದಿಡಿ. ಅಟೊರ್ವಾಸ್ಟಾಟಿನ್ ಆದರೆ ಆ ಕೆಲವು ದಿನ ನಿಲ್ಲಿಸುತ್ತಾರೆ. ಅಮ್ಲೋಡಿಪಿನ್ ಪ್ರಮಾಣ ಇಳಿಸಬೇಕಾಗಬಹುದು. ಈಚೆಗೆ ಸ್ಟೆಂಟ್ ಹಾಕಿ ಕ್ಲೊಪಿಡೊಗ್ರೆಲ್ ಕೊಟ್ಟಿದ್ದರೆ ಈ ಮಾತ್ರೆಯನ್ನೇ ಬಿಟ್ಟು ಬೇರೆ ದಾರಿ ನೋಡುತ್ತಾರೆ. ಕಿಡ್ನಿ ಕಸಿಯಾದವರ ಟ್ಯಾಕ್ರೋಲಿಮಸ್ ಜೊತೆ ಸೇರಿದರೆ ಅದರ ಮಟ್ಟ ರಕ್ತದಲ್ಲಿ ಅಪಾಯಕಾರಿಯಾಗಿ ಏರುತ್ತದೆ, ಕಸಿ ಮಾಡಿದ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಕೊಡಬಾರದು. ಕ್ರಿಯಾಟಿನಿನ್ ವರದಿಯ ಈಚಿನ ಪ್ರತಿಯೂ ಆ ಹಾಳೆಯ ಜೊತೆಗಿರಲಿ: ಕಿಡ್ನಿಯ ಕೆಲಸ ಅರ್ಧಕ್ಕಿಳಿದಿದ್ದರೆ ನಿರ್ಮಾಟ್ರೆಲ್ವಿರ್ 300ರ ಬದಲು 150 ಮಿ.ಗ್ರಾಂ., ದಿನಕ್ಕೆ ಎರಡು ಸಲ, ಐದು ದಿನ.